ರತ್ನಕ್ಕ ದಡಕ್ಕೆ ತಂದ ದೋಣಿ

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಹುಲ್ಲನ್ನು ಕತ್ತರಿಸಲು ತಿಂಗಳಿಗೊಮ್ಮೆ ಒಬ್ಬಾತ ಬರುತ್ತಾನೆ. ಹೆಗಲಿಗೆ ತೂಗುಹಾಕಿಕೊಂಡ ಅವನ ಯಂತ್ರ, ಹಗ್ಗ ಎಳೆದ ಕೂಡಲೇ ಒಂದಿಷ್ಟು ನೀಲಿ ಹೊಗೆ ಉಗುಳುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಉರಿಸಿದ ಆ ಹೊಗೆ ಹಸಿ ಹುಲ್ಲಿನ ವಾಸನೆಯೊಂದಿಗೆ ಸೇರಿ, ಬ್ರೂಕ್‌ಫೀಲ್ಡಿನ ನನ್ನ ಮೂರನೆಯ ಮಹಡಿಯ ಬಾಲ್ಕನಿಯವರೆಗೂ ಏರಿ ಬರುತ್ತದೆ. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು ಸುಮ್ಮನೆ ನಿಂತುಬಿಡುತ್ತೇನೆ. ಎಳವೆಯ ಮನೆಯೊಂದನ್ನು ಕಳೆದುಕೊಂಡವರು ನೀವೂ ಆಗಿದ್ದರೆ, ನಿಮಗೂ ಇಂಥದೊಂದು ವಾಸನೆ ಇದ್ದೀತು. ನನಗೆ ಅದು ಮೊದಲು ಸುಖವನ್ನೇ ತರುತ್ತದೆ, ಒಂದೆರಡು ಉಸಿರಿನಷ್ಟು ಹೊತ್ತು. ಆಮೇಲೆ ಬರುವುದು ನಾಚಿಕೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅಪ್ಪ ಜಾಲಹಳ್ಳಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಸೈರನ್ನಿಗೆ ಎದ್ದು, ಸೈರನ್ನಿಗೆ ಉಣ್ಣುವ ಕ್ವಾರ್ಟರ್ಸ್ ನಮ್ಮದು. ದಸರಾ ರಜೆ ಬಂದರೆ ನನ್ನನ್ನು ಕಾಡುಗೋಡಿಯಿಂದ ಎರಡು ಮೈಲಿ ಆಚೆ, ಅಪ್ಪನ ಅಣ್ಣನ ಮನೆಗೆ ಕಳಿಸುತ್ತಿದ್ದರು. ಹಿತ್ತಿಲಿನಿಂದ ಹತ್ತು ಹೆಜ್ಜೆ ಹತ್ತಿದರೆ ಕೆರೆಯ ಏರಿ, ಏರಿ ಇಳಿದರೆ ನೀರು, ಹಾಗಿತ್ತು ಆ ಹೆಂಚಿನ ಮನೆ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಏರಿಯ ಮೇಲಿನ ಹುಣಿಸೆಮರಗಳ ಗಿಳಿಗಳ ಗಲಾಟೆ ಕಿವಿಗೆ ಬೀಳುತ್ತಿತ್ತು. ನಡುಮನೆಯಲ್ಲಿ ರಾಗಿಯ ಘಮ, ಜಗಲಿಯಲ್ಲಿ ಒಣಗಲು ಹರವಿದ ಬಲೆಗಳ ಕೆಸರು ವಾಸನೆ. ಮೀನಿನ ಸಾರಿಗೆ ದೊಡ್ಡಮ್ಮ ಹಿತ್ತಿಲಲ್ಲಿ ಬೇರೆಯೇ ಒಲೆ ಹೂಡಿಕೊಂಡಿದ್ದಳು. ಮನೆಯೊಳಗಿನ ಒಲೆಗೆ ಆ ಗಡಿಗೆಯನ್ನು ತಾಕಿಸುತ್ತಿರಲಿಲ್ಲ. ಆದರೆ ಆ ಸಾರಿನ ರುಚಿಯ ಬಗ್ಗೆ ಯಾರಾದರೂ ಒಂದು ಮಾತು ಕಡಿಮೆ ಆಡಿದರೆ ಸಂಜೆಯವರೆಗೂ ಮುಖ ಊದಿಸಿಕೊಂಡಿರುತ್ತಿದ್ದಳು.

ದೊಡ್ಡಪ್ಪ ಬೇಸಾಯದ ಜೊತೆಗೆ ಆ ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದರು. ವೈಟ್‌ಫೀಲ್ಡಿನ ಬಂಗಲೆ ಮಾರಿ ಆಸ್ಟ್ರೇಲಿಯಾದ ಮಕ್ಕಳ ಹತ್ತಿರ ಹೊರಟ ಮುದುಕ ದೊರೆಯೊಬ್ಬರು ತಮ್ಮ ಮೋಟಾರು ದೋಣಿಯನ್ನು ಅವರಿಗೆ ಬಿಟ್ಟುಹೋಗಿದ್ದರು. ಐದಾರು ಜನ ಕೂರಬಹುದಾದ, ನೀಲಿ ಬಣ್ಣದ ಮರದ ದೋಣಿ. ಹಿಂಬದಿಗೆ ಕಚ್ಚಿಸಿದ, ಅದೇ ನೀಲಿ ಹೊಗೆ ಉಗುಳುವ ಒಂದೇ ಎಂಜಿನ್, ಅದಕ್ಕೊಂದು ಉದ್ದನೆಯ ಹಿಡಿ. ಹಿಡಿಯ ತುದಿಯನ್ನು ಸ್ಕೂಟರಿನ ಹಾಗೆ ತಿರುಚಿದರೆ ವೇಗ; ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತಿತ್ತು. ನೀರಿನ ನಡುವೆ ಯಾರು ಬೇಕಾದರೂ ಅದನ್ನು ಓಡಿಸಬಹುದಿತ್ತು. ಕಷ್ಟವಿದ್ದದ್ದು ದಡಕ್ಕೆ ತರುವುದರಲ್ಲಿ. ತೂಬಿನ ಪಕ್ಕದ ಕಲ್ಲಿನ ಮೆಟ್ಟಿಲುಗಳೇ ನಮ್ಮ ದಕ್ಕೆ. ಪೆಟ್ಟು ಬೀಳದಿರಲೆಂದು ದೊಡ್ಡಪ್ಪ ಅಲ್ಲಿ ಲಾರಿಯ ಹಳೇ ಟೈರು ಇಳಿಬಿಟ್ಟಿದ್ದರು.

ಅವರ ಕಣ್ಣು ಆಗಲೇ ಮಂಜಾಗತೊಡಗಿತ್ತು. ಗಂಡುಮಕ್ಕಳಿಲ್ಲದ ಮನೆ, ದೋಣಿ ಓಡಿಸಲು ತಮ್ಮನ ಮಗನಾದ ನಾನು ಕಲಿಯಲಿ ಎಂದು ಅವರಿಗೆ ಆಸೆ. ನನಗೆ ಆಗ ಹನ್ನೊಂದು ವರ್ಷ. ಅವರ ಒಬ್ಬಳೇ ಮಗಳು ರತ್ನಕ್ಕನಿಗೆ ಹದಿನಾರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ದೋಣಿಯ ಮುಂದಿನ ತುದಿಯಲ್ಲಿ ಹಗ್ಗ ಹಿಡಿದು ಕೂರುತ್ತಿದ್ದಳು, ಇಲ್ಲವೇ ತಳದಲ್ಲಿ ಸೇರಿದ ನೀರನ್ನು ಡಬ್ಬಿಯಿಂದ ಮೊಗೆದು ಚೆಲ್ಲುತ್ತಿದ್ದಳು.

"ದೋಣಿಗೆ ಬ್ರೇಕಿಲ್ಲ ಕಣ್ಲಾ ಸೀನ," ಎನ್ನುತ್ತಿದ್ದರು ದೊಡ್ಡಪ್ಪ. "ಇಲ್ಲಿ ನಿಲ್ಲಬೇಕು ಅಂದ್ರೆ ದೂರದಲ್ಲೇ ವೇಗ ಬಿಟ್ಬಿಡಬೇಕು. ಗಾಳಿ ಎದುರಿಗಿರೋ ಅಂಗೆ ಓರೆಯಾಗಿ ಬಾ. ಎಂಜಿನ್ ನಿಲ್ಸು. ಆಮೇಲೆ ಅದೇ ಬತ್ತದೆ. ಯಾವ ಕಾರಣಕ್ಕೂ ಕೈಕಾಲು ಆಚೆ ಹಾಕ್ಬೇಡಿ, ಕಲ್ಲಿಗೆ ಕನಿಕರ ಇಲ್ಲ."

ನಾನು ಒಂದು ವಾರ ಒದ್ದಾಡಿದೆ. ಒಮ್ಮೆ ಮೆಟ್ಟಿಲಿಗಿಂತ ಮೂರು ಮಾರು ಹಿಂದೆಯೇ ನಿಂತು ಗಾಳಿಗೆ ತೇಲಿಹೋಗುತ್ತಿದ್ದೆ, ಇನ್ನೊಮ್ಮೆ ಟೈರಿಗೆ ಡಿಕ್ಕಿ ಹೊಡೆದು ಎಲ್ಲರನ್ನೂ ಮುಗ್ಗರಿಸುತ್ತಿದ್ದೆ. ಒಂದು ಬೆಳಿಗ್ಗೆ ದೊಡ್ಡಪ್ಪ ಬೇಸತ್ತು, "ಏ ರತ್ನಿ, ನೀನು ಬಾರಮ್ಮಿ ಇಲ್ಲಿ," ಎಂದರು. ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ಹಿಡಿ ಹಿಡಿದಳು. ನನಗೆ ಎಂದೂ ಧೈರ್ಯ ಬಾರದಷ್ಟು ದೂರದಲ್ಲೇ ಎಂಜಿನ್ ನಿಲ್ಲಿಸಿದಳು. ಕೆರೆಯೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು. ದೋಣಿಯ ಪಕ್ಕೆಗೆ ನೀರು ತಾಕುವ ಸದ್ದು, ಎಲ್ಲೋ ನೀರುಕೋಳಿಯ ಕೂಗು. ದೋಣಿ ತಾನಾಗಿ ಬಂದು, ನಿದ್ದೆಹೋದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಟೈರಿಗೆ ಒರಗಿತು. ದೊಡ್ಡಪ್ಪ ಬಾಯಿಗಿಟ್ಟ ಬೀಡಿಯನ್ನು ಹಚ್ಚುವುದನ್ನೇ ಮರೆತರು.

"ಯಾವಾಗ ಕಲ್ತೆ?"

"ನೋಡ್ತಾ ಇದ್ನಲ್ಲಪ್ಪ," ಎಂದಳು ಅವಳು.

ಆ ದಿನ ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಬೇರೆ ಯಾರ ಮುಖದಲ್ಲೂ ಅಷ್ಟು ಹತ್ತಿರದಿಂದ ಕಂಡಿಲ್ಲ. ಆದರೆ ಆಗ ನನ್ನ ಹೊಟ್ಟೆಯಲ್ಲಿ ಎದ್ದದ್ದು ಸಂತೋಷವಲ್ಲ, ಉರಿ. ಮುಂದಿನ ದಸರಾಕ್ಕೆ ಹೋಗುವಷ್ಟರಲ್ಲಿ ದೋಣಿ ಅವಳದಾಗಿತ್ತು. ದಿನಾ ಬೆಳಿಗ್ಗೆ ಅವಳು ಹಿಂದೆ, ದೊಡ್ಡಪ್ಪ ಮುಂದೆ ಬಲೆ ಹಿಡಿದು. ಆಚೆ ದಡದ ದ್ರಾಕ್ಷಿ ತೋಟದ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರಂತೆ. ದೊಡ್ಡಮ್ಮನಿಗೆ ಮಾತ್ರ ಇದು ಸರಿಬರಲಿಲ್ಲ. "ನಾಳೆ ಇನ್ನೊಬ್ರ ಮನೆ ಬೆಳಗೋ ಹುಡುಗಿ ಕೈಗೆ ಎಂಜಿನ್ನು ಕೊಟ್ಟವ್ರೆ," ಎಂದು ಒಲೆಯ ಮುಂದೆ ಗೊಣಗುತ್ತಿದ್ದಳು. ದೊಡ್ಡಪ್ಪ ನಗುತ್ತಿದ್ದರು. ರತ್ನಕ್ಕ ನನಗೂ ಹೇಳಿಕೊಡಲು ನೋಡಿದಳು. "ಎದರ್ಕೊಂಡ್ರೆ ಕೈ ಬಿಗಿಯಾಗ್ತದೆ ಕಣೋ. ಕೈ ಬಿಗಿಯಾದ್ರೆ ಎಂಜಿನ್ ಜೋರಾಗ್ತದೆ. ಬೆರಳು ಸಡ್ಲ ಬಿಡು," ಎನ್ನುತ್ತಿದ್ದಳು. ಹೆಣ್ಣುಮಗಳಿಂದ ಕಲಿಯುವುದೇ ಅವಮಾನವೆಂದುಕೊಂಡ ಹನ್ನೆರಡರ ಹುಡುಗ ನಾನು. ಆ ಮಾತು ಕಿವಿಯೊಳಗೆ ಹೋಗಲಿಲ್ಲ.

ಆಯುಧಪೂಜೆಗೆ ಎರಡು ದಿನ ಇತ್ತು. ದೊಡ್ಡಪ್ಪ ಊರೊಳಗೆ ಯಾವುದೋ ಪಂಚಾಯಿತಿಗೆ ಹೋಗಿದ್ದರು. ಮಧ್ಯಾಹ್ನ ಊಟವಾದ ಮೇಲೆ, ಮೀನಿಗೆ ಹಿಂಡಿ ಎರಚಿ ಬರಲು ರತ್ನಕ್ಕ ದೋಣಿ ಬಿಚ್ಚಿದಳು. ನಾನೂ ಹತ್ತಿದೆ. ಹಿಂದಿರುಗುವಾಗ ಗಾಳಿ ಎದ್ದಿತ್ತು, ನಮ್ಮ ಬೆನ್ನಿಗೆ. ನೀರಿನ ಮೇಲೆ ಸಣ್ಣ ಸಣ್ಣ ಮಡಿಕೆಗಳು ಏರಿಯ ಕಡೆಗೇ ಓಡುತ್ತಿದ್ದವು. "ನಾನು ತರ್ತೀನಿ ದಡಕ್ಕೆ," ಎಂದೆ. "ಬ್ಯಾಡ ಸೀನ, ಗಾಳಿ ಇಂದಗಡೆ ಐತೆ, ಸುತ್ತು ಹಾಕ್ಕೊಂಡು ಬರಬೇಕು," ಎಂದಳು. "ನಿಂಗೆ ನಾನು ಕಲಿಯೋದೇ ಇಷ್ಟ ಇಲ್ಲ," ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಹಿಡಿ ಬಿಟ್ಟು, ಮುಂದೆ ಹೋಗಿ ಹಗ್ಗ ಹಿಡಿದು ಕೂತಳು.

ನಾನು ಸುತ್ತು ಹಾಕಲಿಲ್ಲ. ನೇರ ಬಂದೆ. ಮೆಟ್ಟಿಲುಗಳು ನಾನೆಣಿಸಿದ್ದಕ್ಕಿಂತ ಬೇಗ ದೊಡ್ಡವಾದವು. "ನಿಲ್ಸು, ನಿಲ್ಸೋ!" ಎಂದು ಅವಳು ಕೂಗಿದಳು. ನನಗೆ ಹೆದರಿಕೆಯಾಯಿತು, ಕೈ ಬಿಗಿಯಾಯಿತು. ಎಂಜಿನ್ ಒಮ್ಮೆಲೇ ಅಬ್ಬರಿಸಿತು. ಟೈರು ಒಂದು ಪಕ್ಕಕ್ಕೆ ಉಳಿಯಿತು, ದೋಣಿಯ ಮೂತಿ ಬರಿಗಲ್ಲಿನತ್ತ ಹೋಯಿತು. ದೋಣಿ ಒಡೆಯದಿರಲೆಂದು ರತ್ನಕ್ಕ ಕಾಲು ಚಾಚಿದಳು. ಹಲಗೆ ಸೀಳಿದ ಸದ್ದು ಕೇಳಿಸಿತು. ಅದರೊಳಗೆ ಇನ್ನೊಂದು ಸದ್ದೂ ಇತ್ತು.

ದೊಡ್ಡಮ್ಮ ಓಡಿಬಂದಳು, ಅವಳ ಹಿಂದೆ ಅಕ್ಕಪಕ್ಕದ ಹೊಲದವರು. ರತ್ನಕ್ಕನನ್ನು ಎತ್ತಿ ಜಗಲಿಯಲ್ಲಿ ಮಲಗಿಸಿದರು. ಹಿಮ್ಮಡಿಯ ಮೇಲಿನ ಮೂಳೆ ಮುರಿದಿತ್ತು. ನೋವಿಗೆ ಅವಳು ದಾವಣಿಯ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಅಷ್ಟರಲ್ಲಿ ದೊಡ್ಡಪ್ಪ ಬಂದರು. ಅವರು ಕೂಗಾಡಲಿಲ್ಲ. "ಯಾರು ಓಡಿಸ್ತಿದ್ದದ್ದು?" ಎಂದು ಮಾತ್ರ ಕೇಳಿದರು.

"ರತ್ನಕ್ಕ," ಎಂದೆ ನಾನು.

ಯಾರೂ ನನ್ನನ್ನು ಹೆದರಿಸಿರಲಿಲ್ಲ. ಯೋಚಿಸಲು ಸಮಯವಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ, ಆದರೆ ಸಮಯವಿತ್ತು. ರತ್ನಕ್ಕ ಸೆರಗನ್ನು ಬಾಯಿಂದ ತೆಗೆದು "ನಾನಲ್ಲಪ್ಪ," ಎಂದಳು, ಒಂದೇ ಸಲ. ಆದರೆ ದೊಡ್ಡಮ್ಮನ ಗೋಳಾಟ ಅಷ್ಟರಲ್ಲಿ ಶುರುವಾಗಿತ್ತು. "ಹೆಣ್ಮಕ್ಳ ಕೈಗೆ ಯಂತ್ರ ಕೊಟ್ರೆ ಇಂಗೇ ಆಗೋದು ಅಂತ ಬಡ್ಕೊಂಡೆ. ಕೇಳಿದ್ರಾ ನನ್ನ ಮಾತು?" ನೆರೆದವರೆಲ್ಲ ತಲೆಯಾಡಿಸಿದರು. ರತ್ನಕ್ಕ ನನ್ನತ್ತ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಲ್ಲಿ ಇದ್ದದ್ದು ಬರೀ ಆಶ್ಚರ್ಯ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ನನ್ನನ್ನು ಏರಿ ಹತ್ತಿಸಿ ಮೆಟ್ಟಿಲಿಗೆ ಕರೆದೊಯ್ದರು. ಸೀಳಿದ ಮೂತಿಯ ಮೇಲೆ ಕೈಯಾಡಿಸಿದರು. ಅಲ್ಲಿಂದ ಎಂಜಿನ್ ಇದ್ದ ಹಿಂಬದಿಗೆ ನಿಧಾನವಾಗಿ ನಡೆದುಹೋದರು. ಹಿಂದೆ ಕೂತು ಹಿಡಿ ಹಿಡಿದವಳ ಕಾಲು ಮುಂದಿನ ಕಲ್ಲಿಗೆ ಸಿಗುವುದಿಲ್ಲವೆಂಬುದು, ಕಣ್ಣು ಮಂಜಾಗಿದ್ದರೂ, ಅವರಿಗೆ ತಿಳಿಯದೇ ಇತ್ತೇ? "ಏನಾರ ಹೇಳೋದು ಐತೇನ್ಲಾ ಸೀನ?" ಎಂದು ಮೆಲ್ಲಗೆ ಕೇಳಿದರು. ನಾನು ನೀರು ನೋಡುತ್ತ "ಇಲ್ಲ ದೊಡ್ಡಪ್ಪ," ಎಂದೆ. ಅವರು ಬಗ್ಗಿ ದೋಣಿಯ ಹಗ್ಗವನ್ನು ಬಿಗಿದು ಕಟ್ಟಿದರು. ಕೊನೆಗೆ "ಸರಿ ಶ್ರೀನಿವಾಸ, ನಡಿಯಪ್ಪ, ತಿಂಡಿ ತಿನ್ನೋಗು," ಎಂದರು. ಅವರು ನನ್ನನ್ನು ಪೂರ್ತಿ ಹೆಸರಿನಿಂದ ಕರೆದದ್ದು ಅದೇ ಮೊದಲು. ಅಲ್ಲಿಂದಾಚೆಗೆ ಅವರು ಬದುಕಿರುವವರೆಗೂ ಮತ್ತೆ ಸೀನ ಎನ್ನಲಿಲ್ಲ. ನಾನು ಹೋದಾಗಲೆಲ್ಲ ಚಾಪೆ ಹಾಸಿಸುತ್ತಿದ್ದರು, ಊಟಕ್ಕೆ ಬಲವಂತ ಮಾಡುತ್ತಿದ್ದರು, "ಚೆನ್ನಾಗಿ ಓದ್ತಿದ್ದೀಯೇನಪ್ಪ?" ಎನ್ನುತ್ತಿದ್ದರು. ನೆಂಟರೊಂದಿಗೆ ಇರುವ ಹಾಗೆ ಇರುತ್ತಿದ್ದರು.

ರತ್ನಕ್ಕನ ಕಾಲು ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಅವಳನ್ನು ಮತ್ತೆ ದೋಣಿ ಹತ್ತಗೊಡಲಿಲ್ಲ. ಮೂತಿಗೆ ಹೊಸ ಹಲಗೆ ಹೊಡೆಸಿದರೂ ಓಡಿಸುವವರಿರಲಿಲ್ಲ. ಮರುವರ್ಷ ದೊಡ್ಡಪ್ಪ ಗುತ್ತಿಗೆ ಬಿಟ್ಟರು. ದೋಣಿ ಏರಿಯ ಮೇಲೆ ಕವುಚಿಕೊಂಡು ಎಷ್ಟೋ ಮಳೆ ಕಂಡು ಮುದಿಯಾಯಿತು. ರತ್ನಕ್ಕನಿಗೆ ಕಾಡುಗೋಡಿಯಲ್ಲೇ ಮದುವೆಯಾಯಿತು. ಗಂಡ ಒಳ್ಳೆಯವನು, ಬಟ್ಟೆ ಅಂಗಡಿಯವನು. ದೊಡ್ಡಪ್ಪ ಹೋದರು, ಹತ್ತು ವರ್ಷ ಬಿಟ್ಟು ದೊಡ್ಡಮ್ಮನೂ ಹೋದಳು. ಮನೆ ಇದ್ದ ಜಾಗದಲ್ಲಿ ಈಗ ಟ್ಯಾಂಕರ್‌ಗಳು ನಿಲ್ಲುತ್ತವೆ. ಕೆರೆಯ ನೀರು ಕಪ್ಪಾಗಿ, ಅಂಚಿನ ತುಂಬ ಜೊಂಡು ಬೆಳೆದು, ಮೆಟ್ಟಿಲುಗಳು ಎಲ್ಲಿದ್ದವೆಂದು ನನಗೇ ಗುರುತು ಸಿಗುವುದಿಲ್ಲ.

ಹೋದ ವರ್ಷ, ಅರವತ್ತು ದಾಟಿದ ರತ್ನಕ್ಕನನ್ನು ನೋಡಲು ಹೋದೆ. ಬಾಡಿಗೆ ಕೋಣೆಗಳ ಮೇಲಿನ ಮಹಡಿಯಲ್ಲಿ ಅವಳ ಮನೆ. ಕೆಳಗೆ ಬಂದು ನನ್ನನ್ನು ಕರೆದುಕೊಂಡು ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಒಂದೇ ಕಾಲನ್ನು ಮೊದಲು ಇಡುತ್ತಿದ್ದಳು. ಕಾಫಿ ಲೋಟ ಕೈಗೆ ಬಂದ ಮೇಲೆ, ಅಷ್ಟು ವರ್ಷ ಹೇಳದಿದ್ದುದನ್ನು ಹೇಳಿದೆ. ಹೇಳುವಾಗ ನನ್ನ ದನಿ ಹನ್ನೆರಡರ ಹುಡುಗನದಾಗಿತ್ತು. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿದಳು.

"ನಂಗೆ ಗೊತ್ತಿರೋದನ್ನ ನಂಗೇ ಹೇಳ್ತಿದ್ದೀಯಲ್ಲೋ," ಎಂದಳು ಕೊನೆಗೆ. "ಅಪ್ಪಂಗೂ ಗೊತ್ತಿತ್ತು. ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದ. ನೀನು ಹೇಳಬೇಕಾಗಿದ್ದು ನಮ್ಮಮ್ಮಂಗೆ. ಸಾಯೋಗಂಟ ಅದನ್ನೇ ಆಡ್ತಿದ್ಲು, ಹೆಣ್ಮಕ್ಳ ಕೈಗೆ ಯಂತ್ರ ಕೊಟ್ರೆ ಇಂಗೇ ಅಂತ. ನನ್ನ ಮಗಳು ಸೈಕಲ್ಲು ಬೇಕು ಅಂತ ಮೂರು ವರ್ಷ ಅತ್ತಳು. ಅಮ್ಮ ನನ್ನ ಕಾಲು ತೋರಿಸೋಳು. ಕೊಡಿಸಾಕೆ ನಂಗೂ ಬಾಯಿ ಬರ್ಲಿಲ್ಲ."

ಆ ಹುಡುಗಿಗೆ ಈಗ ಮೂವತ್ತೈದರ ಮೇಲೆ. ಅವಳ ಮದುವೆಯಲ್ಲಿ ನಾನು ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಿ ಬಂದಿದ್ದೆ. ನನ್ನ ಸುಳ್ಳು ಆ ಮನೆಯಲ್ಲಿ ಇನ್ನೊಂದು ತಲೆಮಾರು ಬದುಕಿತ್ತೆಂದು ನನಗೆ ಗೊತ್ತಿರಲಿಲ್ಲ. ತಣ್ಣಗಾದ ಕಾಫಿಯನ್ನು ಕುಡಿದು ಮುಗಿಸಿದೆ. ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ರತ್ನಕ್ಕ ಸೊಪ್ಪಿನ ದಂಟುಗಳನ್ನು ಒಟ್ಟುಮಾಡಿ ಎದ್ದಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. "ಮುದ್ದೆಗಿಡ್ತೀನಿ. ಉಂಡ್ಕೊಂಡೇ ಹೋಗು," ಎಂದು ಗೋಡೆಗೆ ಒಂದು ಕೈ ಊರಿಕೊಂಡು ಒಳಗೆ ನಡೆದಳು. ನಾನು ಉಂಡುಕೊಂಡೇ ಬಂದೆ.