ಎಳೆಯಬಾರದ ದಾರ

ನಮ್ಮ ಭಾವ ದರ್ಜಿ. ಹೊಲಿಗೆಯಲ್ಲಿ ಎತ್ತಿದ ಕೈ. ಆದರೆ ಆ ಕೈ ಸುಮ್ಮನಿರುವ ಜಾತಿಯದಲ್ಲ. ಯಾರ ಬಟ್ಟೆಯಲ್ಲಾದರೂ ದಾರದ ತುದಿ ಇಣುಕಿದರೆ ಸಾಕು, ಹೋಗಿ ಚಿಟಕ್ಕನೆ ಎಳೆದುಬಿಡುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರಿಗೆ ಕೈ ಹಾಕಿ ಎರಡು ಸಲ ಬೈಸಿಕೊಂಡಿದ್ದಾರೆ. ನನ್ನ ಮದುವೆಯ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ, ಭಾವ ಮಾತ್ರ ನನ್ನ ತೋಳು ನೋಡುತ್ತಿದ್ದಾರೆ.

“ನಾಯಿಬಾಲ ಯಾವತ್ತಿದ್ರೂ ಡೊಂಕೇ,” ಎನ್ನುತ್ತಾಳೆ ಅಕ್ಕ.

ನಾಯಿಯೂ ಅವರಿಗೊಂದಿದೆ. ಅಂಗಡಿಯಲ್ಲಿ ಕತ್ತರಿಸಿ ಉಳಿದ ಬಟ್ಟೆಯ ರಾಶಿಯಲ್ಲೇ ಮಲಗುವುದರಿಂದ ಅದರ ಹೆಸರು ಚಿಂದಿ. ಅದೆಂದರೆ ಭಾವನಿಗೆ ಜೀವ. ಚಿಂದಿ ಸೀನಿದರೂ ಹೊಲಿಗೆ ಯಂತ್ರ ನಿಲ್ಲುತ್ತದೆ.

ಪಕ್ಕದಲ್ಲೇ ನನ್ನ ಇಸ್ತ್ರಿ ಅಂಗಡಿ. ಮೊನ್ನೆ ಮಧ್ಯಾಹ್ನ “ಲೋ, ಬಾರೋ ಇಲ್ಲಿ!” ಎಂದು ಭಾವ ಕೂಗಿದ ದನಿಗೆ, ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಓಡಿದೆ. ಅಂಗಿ ಯಾರದೆಂದು ಹೇಳುವುದಿಲ್ಲ, ಅವರೂ ಇದನ್ನು ಓದಬಹುದು.

ಆದದ್ದಿಷ್ಟು. ಭಾವ ಬಿಸ್ಕತ್ತು ತಿಂದು, ಕೈಯನ್ನು ಒಂದು ಬಟ್ಟೆ ಚೂರಿಗೆ ಒರೆಸಿ, ದಾರ ಪೋಣಿಸಿದ ಸೂಜಿಯನ್ನು ಅದೇ ಚೂರಿಗೆ ಚುಚ್ಚಿಟ್ಟಿದ್ದರು. ಬಿಸ್ಕತ್ತಿನ ವಾಸನೆಗೆ ಚಿಂದಿ ಸೂಜಿ ಸಮೇತ ಚೂರನ್ನು ನುಂಗಿತ್ತು. ಬಾಯಿಯ ಮೂಲೆಯಲ್ಲಿ ಒಂದು ಗೇಣು ಕೆಂಪು ದಾರ ನೇತಾಡುತ್ತಿತ್ತು.

ಕೂಗು ಕೇಳಿ ಓಡಿಬಂದ ಅಕ್ಕ ಪಶುವೈದ್ಯೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

“ದಾರ ಎಳೀಬೇಡಿ. ಎಳೆದ್ರೆ ಸೂಜಿ ಗಂಟಲು ಸೀಳ್ಕೊಂಡು ಬರುತ್ತೆ. ಕತ್ತರಿಸ್ಲೂಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋದಂತೂ ಬೇಡವೇ ಬೇಡ. ಏನೂ ತಿನ್ನಿಸ್ದೆ ಈಗ್ಲೇ ಕರ್ಕೊಂಡ್ ಬನ್ನಿ.”

ಎಳೆಯಬಾರದಂತೆ! ಮೀನಿಗೆ ಈಜಬೇಡ ಎಂದಂತಾಯಿತು. ಭಾವನ ಬೆರಳುಗಳು ಆಗಲೇ ಗಾಳಿಯಲ್ಲಿ ದಾರ ಹಿಡಿಯುತ್ತಿದ್ದವು.

“ನನ್ನ ಕೈ ಕಟ್ಟು ಕಣೇ,” ಎಂದರು ಅಳುಮೋರೆ ಮಾಡಿಕೊಂಡು. “ಇವನ್ನ ನಾನೇ ನಂಬಲ್ಲ.”

ಅಕ್ಕ ಅವರ ಕೊರಳಲ್ಲಿದ್ದ ಅಳತೆ ಟೇಪನ್ನೇ ತೆಗೆದು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿದಳು. ಟ್ಯಾಕ್ಸಿಯಲ್ಲಿ ಚಿಂದಿ ನನ್ನ ತೊಡೆಯ ಮೇಲೆ, ಭಾವ ಕೈದಿಯ ಹಾಗೆ ಪಕ್ಕದಲ್ಲಿ. ಚಾಲಕ ಕನ್ನಡಿಯಲ್ಲಿ ನೋಡಿ, “ಏನ್ ಮಾಡಿದ್ರು ಇವ್ರು?” ಎಂದ.

“ಇನ್ನೂ ಏನೂ ಮಾಡಿಲ್ಲ. ಮಾಡೋದ್ರೊಳಗೆ ಬೇಗ ಹೊಡೀರಿ,” ಎಂದಳು ಅಕ್ಕ.

ಚಿಂದಿ ಜೊಲ್ಲು ಸುರಿಸುತ್ತಾ ಭಾವನನ್ನೇ ನೋಡುತ್ತಿತ್ತು. ದಾರ ಕಾಣದಿರಲೆಂದು ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನಿಂದಲೂ ನೀರು ಇಳಿಯಿತು. ಅಲ್ಲಿಯವರೆಗೆ ನಗು ತಡೆದುಕೊಂಡಿದ್ದ ನಾನು ಅಂಗಿಯ ತುದಿಯಿಂದ ಅವರ ಕೆನ್ನೆ ಒರೆಸಿದೆ.

ವೈದ್ಯೆ ಚಿಂದಿಗೆ ಮಂಪರು ಕೊಟ್ಟು, ಗಂಟಲಿಗೆ ಕ್ಯಾಮೆರಾ ಕೊಳವೆ ಇಳಿಸಿ, ಮುಕ್ಕಾಲು ಗಂಟೆಯ ನಂತರ ಹೊರಬಂದರು. ಕೈಯಲ್ಲಿದ್ದ ತಟ್ಟೆಯಲ್ಲಿ ಬಟ್ಟೆ ಚೂರು, ಸೂಜಿ, ಕೆಂಪು ದಾರ.

“ಸೂಜಿ ಅಡ್ಡ ನಿಂತಿತ್ತು. ಒಂದೇ ಒಂದ್ ಸಲ ಎಳೆದಿದ್ರೂ ನಾಯಿ ಉಳೀತಿರ್ಲಿಲ್ಲ. ಈಗ ಆರಾಮಾಗಿದೆ.”

ಅಕ್ಕ ಟೇಪು ಬಿಚ್ಚಿದಳು. ಭಾವ ಕೈ ಮುಗಿದರು. ಮುಗಿದ ಕೈ ಅಲ್ಲೇ ನಿಂತಿತು. ವೈದ್ಯೆಯ ಬಿಳಿ ಕೋಟಿನ ತೋಳಿನಂಚಿನಲ್ಲಿ ಒಂದು ದಾರ ನೇತಾಡುತ್ತಿತ್ತು. ಅಕ್ಕನೂ ನಾನೂ ಉಸಿರು ಬಿಗಿಹಿಡಿದೆವು.

ಭಾವ ಎರಡೂ ಕೈಗಳನ್ನು ತಾವಾಗಿಯೇ ಬೆನ್ನ ಹಿಂದೆ ಕಟ್ಟಿಕೊಂಡರು.

“ಡಾಕ್ಟ್ರೇ, ನಿಮ್ ಕೋಟಲ್ಲಿ ಒಂದು ದಾರ ಬಂದಿದೆ. ಎಳೀಬೇಡಿ, ಕತ್ತರಿಸ್ಲೂಬೇಡಿ. ಅಂಗಡಿಗೆ ಕರ್ಕೊಂಡ್ ಬನ್ನಿ.”