ಹಾಸಿಗೆ ಬಿಟ್ಟೆದ್ದ ಮುಂಜಾನೆ

ಕರ್ನಾಟಕ ಒಂದಾದ ವರ್ಷ ಮಿರಜದಲ್ಲಿ ನನ್ನ ಎದೆಯ ಕ್ಯಾನ್ಸರ್ ಗಡ್ಡೆ ತೆಗೆದರು. ಕ್ಷಕಿರಣದ ಚಿಕಿತ್ಸೆ ಕೊಡಿಸಿಕೊಂಡು ಬೆಟಗೇರಿಯ ಮನೆಗೆ ಬಂದೆ. ತೋಳು ಬಿಗಿಯದಂತೆ ದಿನಾಲೂ ಗೋಡೆಗೆ ಬೆರಳೂರಿ ಆ ಬದಿಯ ಕೈ ಮೇಲೇರಿಸಬೇಕು, ಹೊಟ್ಟೆ ತುಂಬ ಉಣ್ಣಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅತ್ತೆ ಮಾತ್ರ ನನ್ನನ್ನು ಹಾಸಿಗೆಯಿಂದ ಏಳಗೊಡಲಿಲ್ಲ, ಗಂಜಿಯ ಹೊರತು ಏನೂ ಕೊಡಲಿಲ್ಲ. ಮಲಗಿದಷ್ಟೂ ತೋಳು ಬಿಗಿಯುತ್ತಿತ್ತು. ಕೈ ಹೀಗೇ ಉಳಿದುಬಿಟ್ಟರೆ ಎಂಬ ದಿಗಿಲಿಗೆ ಹೊರಳಾಡುತ್ತಿದ್ದೆ.

ಒಂದು ಮುಂಜಾನೆ ತಡೆಯಲಾರದೆ ಎದ್ದು ಪಡಸಾಲೆಯ ಗೋಡೆಗೆ ಬೆರಳೂರಿದೆ. ಕೈ ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಅತ್ತೆ ಓಡಿಬಂದರು.

"ಹೊಲಿಗಿ ಬಿಚ್ಚತಾವು, ಮಲ್ಕೊ!"

"ಹೊಲಿಗಿ ಯಾವಾಗೋ ಮಾಯ್ದಾವ್ರಿ ಅತ್ತಿ. ಹಿಂಗ ಬಿದ್ಕೊಂಡ್ರ ಕೈ ಸೆಟದ ಹೋಗತೈತಿ. ನನಗ ಹಸಿವಿ ಆಗೈತಿ, ರೊಟ್ಟಿ ಕೊಡ್ರಿ."



"ನನ್ನ ತಂಗಿ ಇದ ಬ್ಯಾನಿಯೊಳಗ ಹೋದಳು. ಅಕಿಗೂ ಬರೇ ಗಂಜಿನ ಕುಡಿಸಿದ್ದೆ" ಎಂದು ಅತ್ತೆ ಒಳಗೆ ನಡೆದರು.

ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ತಂದಿಟ್ಟರು. ಮರುದಿನದಿಂದ ನನ್ನ ಪಕ್ಕದಲ್ಲೇ ನಿಂತು, "ಇನ್ನಷ್ಟು ಮ್ಯಾಲೆ" ಎನ್ನತೊಡಗಿದರು. ಚಳಿ ಕಳೆಯುವ ಹೊತ್ತಿಗೆ ಹಿತ್ತಲ ಹಗ್ಗಕ್ಕೆ ಒದ್ದೆ ಸೀರೆಯನ್ನು ನಾನೇ ಹರವಿದೆ. ಗಡ್ಡೆ ಮತ್ತೆ ಬಂದೀತೆಂಬ ಭಯ ಮಾತ್ರ ಬಹಳ ವರ್ಷ ನನ್ನನ್ನು ಬಿಡಲಿಲ್ಲ.