ಎಂಟನೇ ನಂಬರಿನ ಕೋಲು

ಆ ಗೆಂಡೆ ಮೀನು ಸತ್ತದ್ದು ಅರ್ಲೀನ್ ಡೈಕ್‌ಸ್ಟ್ರಾಳ ಕೈಯಲ್ಲೇ. ಜೂನ್ ಮೊದಲ ಶನಿವಾರ, ಬೆಳಗಿನ ಒಂಬತ್ತೂವರೆ ಹೊತ್ತಿಗೆ, ಮಿಶಿಗನ್ ಸರೋವರದ ಮ್ಯಾಲರಿ ಕೊಲ್ಲಿಯ ತೊಡೆಮಟ್ಟದ ನೀರಿನಲ್ಲಿ.

ಗಾಳಕ್ಕೆ ಬಿದ್ದಾಗ ಅದಕ್ಕೆ ದಣಿವೇ ಇರಲಿಲ್ಲ. ಸರೋವರದ ಕಡೆಗೆ ಒಂದೇ ಉಸಿರಿನಲ್ಲಿ ಓಡಿ, ರೀಲಿನಲ್ಲಿದ್ದ ದಾರವನ್ನೆಲ್ಲ ಎಳೆದುಕೊಂಡು ಹೋಗಿತ್ತು. ಅವಳ ಕೈಯಲ್ಲಿದ್ದದ್ದು ಐದನೇ ನಂಬರಿನ ಹಗುರ ಗಾಳದ ಕೋಲು, ಹೊಳೆಯ ಸಣ್ಣ ಟ್ರೌಟ್ ಮೀನುಗಳಿಗೆಂದು ಮಾಡಿದ್ದು. ಅದು ಬಿಲ್ಲಿನಂತೆ ಬಾಗಿತೇ ಹೊರತು ಮೀನನ್ನು ಒಂದು ಗೇಣೂ ತಿರುಗಿಸಲಿಲ್ಲ. ಹಾಗೆ ಎಳೆದಾಟ ಐವತ್ತು ನಿಮಿಷ ನಡೆಯಿತು. ಕೊನೆಗೆ ಮೀನು ಪಕ್ಕಕ್ಕೆ ಮಗುಚಿ ಹತ್ತಿರ ಬಂದಾಗ ಇಬ್ಬರಲ್ಲೂ ಏನೂ ಉಳಿದಿರಲಿಲ್ಲ. ಇಪ್ಪತ್ತು ಪೌಂಡಿಗೆ ಕಡಿಮೆಯಿರಲಿಲ್ಲ ಅದು. ಅರ್ಲೀನ್ ಗಾಳ ಬಿಡಿಸಿ, ಬಾಲದ ಬುಡ ಹಿಡಿದು, ಕಿವಿರುಗಳೊಳಗೆ ನೀರು ಹರಿಯಲೆಂದು ಹಿಂದೆ ಮುಂದೆ ಆಡಿಸುತ್ತ ನಿಂತಳು. ಕಿವಿರು ಒಮ್ಮೆ ತೆರೆಯಿತು. ತುಸು ಹೊತ್ತಾದ ಮೇಲೆ ಇನ್ನೊಮ್ಮೆ. ಅರ್ಧ ಗಂಟೆ ಕಳೆದರೂ ಅವಳು ಬಿಡಲಿಲ್ಲ. ಮೂರನೆಯ ಸಲ ಅದು ತೆರೆಯಲೇ ಇಲ್ಲ.

ದಂಡೆಯ ಮೇಲೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಿಂತು ನೋಡಿದ.

"ಗೆಂಡೆನಾ? ಒಂದು ಕಮ್ಮಿ ಆಯ್ತು ಬಿಡಮ್ಮ, ಒಳ್ಳೇದೇ ಆಯ್ತು," ಅಂದ.

ಅವಳು ಕೋಲು ಎತ್ತಿಕೊಂಡು ಕಾರಿನ ಕಡೆ ನಡೆದಳು. ಎಡಗೈ ಒಂದರಲ್ಲೇ ಕಾರು ನಡೆಸಿಕೊಂಡು ಮನೆಗೆ ಹೋದಳು. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಯಾರದೋ ಸಾಮಾನು ಎಂಬಂತೆ.

ಅರ್ಲೀನ್‌ಗೆ ಆಗ ಐವತ್ತೊಂಬತ್ತು. ಸೇಂಟ್ ಬೇಸಿಲ್ ಊರಿನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೇಳು ವರ್ಷಗಳಿಂದ ದುಡಿಯುತ್ತಿದ್ದಳು. ಯಂತ್ರದಿಂದ ಒದ್ದೆ ಹಾಸಿಗೆ ಬಟ್ಟೆಗಳ ಗಂಟು ಎತ್ತುವುದು, ಗಾಡಿಗೆ ಹಾಕುವುದು, ಒಣಗಿದ್ದನ್ನು ಇಬ್ಬರು ಎದುರುಬದುರು ನಿಂತು ಮಡಿಸುವುದು. ಬೆಳಗಿನ ಆರಕ್ಕೆ ಶುರುವಾಗಿ ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯುತ್ತಿತ್ತು. ಅಲ್ಲಿಂದ ಕೊಲ್ಲಿಗೆ ಎಂಟು ನಿಮಿಷದ ದಾರಿ. ಬೇಸಿಗೆ ಬಂತೆಂದರೆ ಮಿಶಿಗನ್ ಸರೋವರದ ತಣ್ಣನೆಯ ಆಳದಿಂದ ಗೆಂಡೆಗಳು ದಂಡೆಯ ತುಸು ಬೆಚ್ಚಗಿನ ನೀರಿಗೆ ಬಂದು, ತಲೆ ತಗ್ಗಿಸಿ ಕಲ್ಲುಗಳ ನಡುವೆ ಸಿಗಡಿ ಹುಡುಕುತ್ತ ಅಲೆಯುತ್ತಿದ್ದವು. ಅವನ್ನು ದೂರದಿಂದ ಕಂಡು, ಸದ್ದಿಲ್ಲದೆ ಹತ್ತಿರ ಹೋಗಿ, ಗಾಳಕ್ಕೆ ಪುಕ್ಕ ನೂಲು ಸುತ್ತಿ ಮಾಡಿದ ಹುಸಿ ಸಿಗಡಿಯನ್ನು ಮೂಗಿನ ಮುಂದೆ ಬೀಳಿಸಬೇಕು. ಊರಿನವರಿಗೆ ಗೆಂಡೆ ಎಂದರೆ ನೀರು ಕದಡುವ, ಯಾರೂ ತಿನ್ನದ ಕೊಚ್ಚೆ ಮೀನು; ಅವಳನ್ನು ಕಂಡು ನಗುತ್ತಿದ್ದರು. ಟ್ರೌಟ್ ಹಿಡಿಯುವವರಿಗೆ ಗೌರವ, ಗೆಂಡೆ ಹಿಡಿಯುವವಳಿಗೆ ಏನಿದೆ? ಆರು ವರ್ಷದ ಹಿಂದೆ ಯಾರದೋ ಅಂಗಳದ ಹಳೇ ಸಾಮಾನಿನ ಮಾರಾಟದಲ್ಲಿ ಆ ಕೋಲು ಕೊಂಡಿದ್ದಳು. ಅವಳಿಗೆ ಬೇಕಾದದ್ದು ಎರಡು ಗಂಟೆಯ ಹೊತ್ತು ಏನನ್ನೂ ಎತ್ತದೆ, ಯಾರೊಂದಿಗೂ ಮಾತಾಡದೆ ನಿಧಾನ ನಡೆಯುವುದು. ಮೀನು ಸಿಕ್ಕಿದರೆ ಸಿಕ್ಕಿತು.

ಸೋಮವಾರ ಬಟ್ಟೆ ಮಡಿಸುವಾಗ ಎದುರಿಗೆ ನಿಂತಿದ್ದವಳು ಜೂನಿ ಬಿಸನೆಟ್. ಕುಳ್ಳಗೆ, ಗಟ್ಟಿಯಾಗಿ, ಬಾಯಿ ಸುಮ್ಮನಿರದ ಹೆಂಗಸು. ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ಹಾಸಿಗೆ ಬಟ್ಟೆಯ ಎರಡು ತುದಿ ಹಿಡಿದವರು.

"ಯಾಕೇ, ಮುಖ ಒದ್ದೆ ಟವೆಲ್ ಥರ ಆಗಿದೆ?"

"ಮೀನು ಸತ್ತುಹೋಯ್ತು."

"ಮೀನು ಹಿಡಿಯೋಕೆ ಹೋದ್ರೆ ಮೀನು ಸಾಯುತ್ತೆ ಕಣೇ. ನಾವದನ್ನ ಊಟ ಅಂತೀವಿ."

"ಬಿಡ್ಬೇಕು ಅಂತಿದ್ದೆ, ಜೂನಿ. ಸುಸ್ತಾಗಿ ಸತ್ತುಹೋಯ್ತು. ಗಾಯ ಇಲ್ಲ, ರಕ್ತ ಇಲ್ಲ. ಬರೀ ಸುಸ್ತು."

 ಅವರು ಬಟ್ಟೆಯನ್ನು ಎಳೆದು, ಮಡಿಸಿ, ಒಬ್ಬರ ಹತ್ತಿರ ಒಬ್ಬರು ನಡೆದು ಬಂದು, ಮತ್ತೆ ಹಿಂದೆ ಸರಿದರು.

"ಹಂಗಾದ್ರೆ ದೊಡ್ಡ ಕೋಲು ತಗೊ," ಅಂದಳು ಜೂನಿ ಕೊನೆಗೆ. "ಪೊರಕೆ ಕಡ್ಡೀಲಿ ಹಂದಿ ಓಡಿಸ್ತೀನಿ ಅಂದ್ರೆ ಆಗುತ್ತಾ?"

ಬಂದರಿನ ಬೀದಿಯಲ್ಲಿದ್ದ ಗಾಳದ ಅಂಗಡಿ ವರ್ಲಿನ್ ಕಾಸ್‌ನದು. ಅರವತ್ತೈದರ ದಪ್ಪ ಮನುಷ್ಯ, ಗಡ್ಡದಲ್ಲಿ ಯಾವಾಗಲೂ ಒಂದೆರಡು ಪುಕ್ಕದ ಚೂರು. ಬುಧವಾರ ಕೆಲಸ ಮುಗಿಸಿ ಅರ್ಲೀನ್ ಒಳಗೆ ಬಂದಾಗ ಅವನು ಕನ್ನಡಕದ ಮೇಲಿಂದ ನೋಡಿದ.

"ಬಾರಮ್ಮ ಗೆಂಡೆ ಮಹಾರಾಣಿ. ಕೊಚ್ಚೆ ಎಲ್ಲ ಕ್ಷೇಮವಾ?"

"ನಂಗೆ ಭಾರದ ಕೋಲು ಬೇಕು, ವರ್ಲಿನ್. ರೀಲೂ ಬೇಕು."

ಅಂಗಡಿಯ ಹಿಂದಿನ ಹುಲ್ಲಿನ ಜಾಗಕ್ಕೆ ಅವನು ಮೂರು ಕೋಲು ತಂದ, ಆರು, ಎಂಟು, ಹತ್ತನೇ ನಂಬರಿನವು; ನಂಬರು ಏರಿದಷ್ಟೂ ಕೋಲು ಗಟ್ಟಿ, ಭಾರ. ಭಾರದ್ದು ಅಂದಳಲ್ಲ ಎಂದು ಮೊದಲು ಹತ್ತನೆಯದನ್ನೇ ಕೊಟ್ಟ. ಅವಳು ದಾರವನ್ನು ಹಿಂದಕ್ಕೆ ಬೀಸಲು ಕೈ ಎತ್ತಿದಳು. ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಹಲ್ಲು ಕಚ್ಚಿ ಇನ್ನೊಮ್ಮೆ ಎತ್ತಿದಳು. ದಾರ ಹೋಗಿ ಬೇಲಿಯ ಪಕ್ಕ ಗೋಜಲಾಗಿ ಬಿತ್ತು. ಎಂಟನೆಯದರಲ್ಲೂ ಅದೇ ಆಯಿತು, ಸ್ವಲ್ಪ ವಾಸಿ ಅಷ್ಟೇ.

"ಇದು ಹೆಂಗಸರ ಕೈಗಲ್ಲ," ಅಂದ ವರ್ಲಿನ್. "ಆರನೇದು ತಗೊ. ಹಗುರ. ಮೀನು ಸ್ವಲ್ಪ ಜಾಸ್ತಿ ಹೊತ್ತು ಆಡುತ್ತೆ, ಅಷ್ಟೇ ತಾನೆ?"

"ಜಾಸ್ತಿ ಹೊತ್ತು ಆಡಿಸಿಯೇ ಒಂದನ್ನ ಕೊಂದೆ."

"ಗೆಂಡೆ ತಾನೆ."

ಅವಳು ಕೋಲನ್ನು ಹುಲ್ಲಿನ ಮೇಲಿಟ್ಟು ಮೆಟ್ಟಿಲ ಮೇಲೆ ಕುಳಿತಳು. ಬೆಳಿಗ್ಗೆ ನಾಲ್ಕೂಕಾಲಿಗೆ ಎದ್ದವಳು. ಜಗಳವಾಡುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ.

"ಅರ್ಧ ಗಂಟೆ ಹಿಡ್ಕೊಂಡು ನಿಂತಿದ್ದೆ, ವರ್ಲಿನ್. ಅದಕ್ಕೆ ಉಸಿರಾಡೋಕೂ ಶಕ್ತಿ ಇರ್ಲಿಲ್ಲ. ಯಾವ್ದೇ ಜೀವ ಹಂಗೆ ಸಾಯಬಾರದು." ನೆಲ ನೋಡುತ್ತ, "ನನ್ ಬಲಗೈ ಮೇಲೆ ಹೋಗಲ್ಲ. ಮೂರು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ಹೇಳಿದ್ರೆ ಕೆಲಸದಿಂದ ತೆಗೀತಾರೆ," ಅಂದಳು.

ಹೇಳಬೇಕೆಂದುಕೊಂಡು ಬಂದದ್ದಲ್ಲ ಅದು. ಬಾಯಿಂದ ಜಾರಿತು. ವರ್ಲಿನ್ ತಮಾಷೆಯ ಮುಖವನ್ನು ಪಕ್ಕಕ್ಕಿಟ್ಟ. ಅವಳ ಪಕ್ಕದಲ್ಲಿ ಕೂರಲು ನೋಡಿ, ಮೆಟ್ಟಿಲು ಸಾಲದೆ ನಿಂತೇ ಇದ್ದ.

"ಎಡಗೈ?"

"ಎಡಗೈ ಚೆನ್ನಾಗಿದೆ. ಆದ್ರೆ ಅದಕ್ಕೆ ಏನೂ ಬರಲ್ಲ."

"ಬಲಗೈಗೆ ಹುಟ್ತಾನೇ ಬರ್ತಿತ್ತಾ?"

ಎಂಟನೇ ನಂಬರಿನ ಕೋಲನ್ನು ಎತ್ತಿ ಅವಳ ಎಡಗೈಗೆ ಕೊಟ್ಟ. ಹತ್ತನೆಯದು ದಿನವಿಡೀ ಬೀಸಿದರೆ ಕುದುರೆಗೂ ಸುಸ್ತಾಗುತ್ತದೆ, ಕೊಲ್ಲಿಯ ಗೆಂಡೆಗೆ ಎಂಟು ಸರಿ ಎಂದು ಈಗ ಒಪ್ಪಿಕೊಂಡ. ಗಟ್ಟಿ ಕೋಲಿನ ಬುಡದಲ್ಲಿ ಶಕ್ತಿಯಿರುತ್ತದೆ. ಮೀನು ಓಡಿದಾಗ ಅದನ್ನು ಪಕ್ಕಕ್ಕೆ ಬಾಗಿಸಿ ಹಿಡಿದರೆ ತಲೆ ತಿರುಗಿಸಬಹುದು, ತಲೆ ತಿರುಗಿದರೆ ಮೀನು ತಿರುಗಿದಂತೆ.

"ಜೋರಾಗಿ ಬೀಸ್ಬೇಡ. ದಾರ ಹಿಂದೆ ಹೋಗಿ ನೆಟ್ಟಗಾಗೋವರೆಗೂ ಕಾಯಿ. ಆಮೇಲೆ ಮುಂದಕ್ಕೆ. ಹೆಗಲಿನ ಕೆಲಸ ಅಲ್ಲ ಇದು, ಕಾಯೋ ಕೆಲಸ."

ದಾರ ಅವಳ ಟೋಪಿಯ ಮೇಲೇ ಬಿತ್ತು. ಹತ್ತನೆಯ ಸಲ ಟೋಪಿ ತಪ್ಪಿ ಕಿವಿಯ ಮೇಲೆ ಬಿತ್ತು. "ಬರ್ತಿದೆ, ಬರ್ತಿದೆ," ಅಂದ ವರ್ಲಿನ್.

ರೀಲಿನ ಪರೀಕ್ಷೆ ಇನ್ನೊಂದು ಬಗೆಯದಾಯಿತು. ಅವನು ದಾರದ ತುದಿಯನ್ನು ತನ್ನ ಬೆಲ್ಟಿಗೆ ಕಟ್ಟಿಕೊಂಡು, "ನಾನೀಗ ಗೆಂಡೆ," ಎಂದು ಹೇಳಿ ಹುಲ್ಲಿನ ಮೇಲೆ ಓಡಿದ. ಮೊದಲ ರೀಲಿನಲ್ಲಿ, ಓಡುವ ದಾರವನ್ನು ಬಿಗಿಹಿಡಿಯುವ ತಡೆ ಜಗ್ಗಿತು, ಬಿಟ್ಟಿತು, ಮತ್ತೆ ಜಗ್ಗಿತು. ಹತ್ತು ಹೆಜ್ಜೆಯಲ್ಲಿ ತುದಿಯ ಸಣ್ಣ ದಾರ ಪಟ್ಟೆಂದು ತುಂಡಾಯಿತು. ಎರಡನೆಯದು ಕೈಗೆ ಭಾರವಾಗಿತ್ತು, ಆದರೆ ಅದರ ತಡೆ ಬೆಣ್ಣೆಯಂತೆ ಒಂದೇ ಸಮನೆ ಬಿಡುತ್ತಿತ್ತು. ವರ್ಲಿನ್ ಬೇಲಿಯವರೆಗೂ ಓಡಿ, ಕಂಬ ಹಿಡಿದು ಏದುಸಿರು ಬಿಡುತ್ತ ನಿಂತ.

"ಎಷ್ಟು ಹೊತ್ತಾಯ್ತು?"

"ಒಂದು ನಿಮಿಷ."

"ಸೋತೆ ಕಣಮ್ಮ. ಬಿಟ್ಬಿಡು."

ಅರ್ಲೀನ್ ಆ ವಾರ ಮೊದಲ ಸಲ ನಕ್ಕಳು. ಅವನು ಒಳಗೆ ಹೋಗಿ, ಅದೇ ರೀಲಿನ ಹಿಡಿಯನ್ನು ಬಲಗೈಯಲ್ಲಿ ತಿರುಗಿಸುವಂತೆ ಬದಲಿಸಿ ಕೊಟ್ಟ. ತಿರುಗಿಸುವುದು ಮೊಣಕೈಯಿಂದ ಕೆಳಗಿನ ಕೆಲಸ, ಹೆಗಲನ್ನು ಎಬ್ಬಿಸಬೇಕಾಗಿಲ್ಲ ಎಂದ. ಗೆಂಡೆಯ ವಿಷಯ ಮತ್ತೆ ಎತ್ತಲಿಲ್ಲ.

ಮುಂದಿನ ಮೂರು ವಾರ ಅವಳು ಬಿಡುವಿನ ಹೊತ್ತಿನಲ್ಲಿ ವಿಭಾಗದ ಹಿಂದಿನ ಅಂಗಳದಲ್ಲಿ, ಕೊಳೆ ಬಟ್ಟೆಯ ಗಾಡಿಗಳ ನಡುವೆ, ಎಡಗೈಯಲ್ಲಿ ದಾರ ಬೀಸಿದಳು. ಮೊಸರಿನ ಖಾಲಿ ಡಬ್ಬಿಯೊಂದನ್ನು ಮೀನಿನ ತಲೆಯೆಂದು ಇಟ್ಟುಕೊಂಡಿದ್ದಳು. ಜೂನಿ ಮೆಟ್ಟಿಲ ಮೇಲೆ ಕೂತು ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ ಲೆಕ್ಕ ಹೇಳುತ್ತಿದ್ದಳು.

"ಡಬ್ಬಿ ಇನ್ನೂ ಬದುಕಿದೆ. ಗಾಡಿ ಗಾಯಗೊಂಡಿದೆ. ನನ್ ಊಟಕ್ಕೆ ಪೆಟ್ಟಾದ್ರೆ ನೋಡು ಮತ್ತೆ!"

ಎಡಗೈ ದಡ್ಡ ಮಗುವಿನಂತೆ ಕಲಿಯಿತು. ಒಂದು ದಿನ ಬಂದದ್ದು ಮರುದಿನ ಮರೆತುಹೋಗುತ್ತಿತ್ತು. ರಾತ್ರಿ ಎರಡೂ ಕೈ ನೋಯುತ್ತಿದ್ದವು. ಇಷ್ಟೆಲ್ಲ ಯಾಕೆ, ಕೋಲನ್ನು ಹಿಂದಿರುಗಿಸಿಬಿಡೋಣ ಎಂದು ಅವಳಿಗೆ ಎಷ್ಟೋ ಸಲ ಅನಿಸಿತು. ಹಿಂದಿರುಗಿಸಲು ಅಂಗಡಿಯವರೆಗೆ ಹೋಗುವುದೂ ಒಂದು ಕೆಲಸ ಎಂದು ಸುಮ್ಮನಾದಳು.

ಒಂದು ಮಧ್ಯಾಹ್ನ ಜೂನಿ ತಿನ್ನುವುದನ್ನು ನಿಲ್ಲಿಸಿ ಕೇಳಿದಳು. "ಎಡಗೈಯಲ್ಲೇ ಯಾಕೆ ಅಂತ ನಾನು ಇನ್ನೂ ಕೇಳಿಲ್ಲ, ನೋಡಿದ್ಯಾ?"

"ಹೊಸಾ ಥರ," ಅಂದಳು ಅರ್ಲೀನ್.

"ಹೊಸಾ ಥರ ಅಂತೆ. ಲೇ, ಗಂಟು ಎತ್ತೋವಾಗ ಭಾರದ ಕಡೆ ಯಾರು ಹಿಡಿಯೋದು? ಮೇಲಿನ ಕಪಾಟಿಗೆ ಯಾರು ಇಡೋದು? ಮೂರು ವರ್ಷದಿಂದ ನಾನೇ. ನಿಂಗೆ ಗೊತ್ತೇ ಆಗ್ಲಿಲ್ವಾ?"

ಅರ್ಲೀನ್‌ಗೆ ಗೊತ್ತಾಗಿರಲಿಲ್ಲ. ತಾನು ಚೆನ್ನಾಗಿ ಮುಚ್ಚಿಟ್ಟಿದ್ದೇನೆ ಎಂದೇ ನಂಬಿದ್ದಳು. ದಾರ ಹುಲ್ಲಿನ ಮೇಲೆ ಬಿದ್ದಿತ್ತು, ಸುತ್ತಿಕೊಳ್ಳಬೇಕೆಂದು ಅವಳಿಗೆ ತೋಚಲಿಲ್ಲ.

"ನಿಂಗೂ ವಯಸ್ಸಾಯ್ತು, ಐವತ್ನಾಲ್ಕು," ಅಂದಳು.

"ಹೌದು. ನನ್ ಸೊಂಟಾನೂ ಹೋಗ್ತಿದೆ. ಅದಕ್ಕೇ ಹೇಳ್ತಿದೀನಿ, ನೀನೇ ಹೋಗಿ ಮೇಲಿನವರಿಗೆ ಹೇಳು. ನಾನು ಹೇಳಿದ್ರೆ ಚಾಡಿ ಆಗುತ್ತೆ."

ಆ ಭಾನುವಾರ ಜೂನಿಯೂ ಕೊಲ್ಲಿಗೆ ಬಂದಳು. ನೀರಿಗೆ ಇಳಿಯುವುದಿಲ್ಲ, ದಂಡೆಯಲ್ಲೇ ಕೂರುತ್ತೇನೆ ಎಂದು ಮೊದಲೇ ಹೇಳಿದ್ದಳು. ಗಾಳಿಯಿರಲಿಲ್ಲ. ನೀರು ಗಾಜಿನಂತಿದ್ದು, ಗೆಂಡೆಗಳು ಕಂದು ನೆರಳುಗಳಂತೆ ಎರಡು ಮೂರಾಗಿ ಸಾಗುತ್ತಿದ್ದವು. ಅರ್ಲೀನ್‌ಳ ಮೊದಲ ಎಸೆತ ಒಂದು ಮೀನಿನ ಬೆನ್ನ ಮೇಲೇ ಬಿದ್ದು, ಆ ಗುಂಪಿನ ಮೂರೂ ದಿಕ್ಕಾಪಾಲಾದವು. ಎರಡನೆಯದು ಮೂರು ಮಾರು ಈಚೆ ಬಿತ್ತು. ಮುಂದಿನ ಮೀನಿಗಾಗಿ ಮುಕ್ಕಾಲು ಗಂಟೆ ಕಾದಳು. ಕಾಲು ಜೋಮು ಹಿಡಿಯಿತು.

ಆಮೇಲೆ ಒಂಟಿ ಮೀನೊಂದು ಬಂತು. ಹಿಂದೆ ಸತ್ತದ್ದಕ್ಕಿಂತ ದೊಡ್ಡದು. ಅವಳು ದಾರವನ್ನು ಹಿಂದಕ್ಕೆ ಬಿಟ್ಟು, ನೆಟ್ಟಗಾಗುವವರೆಗೂ ಕಾದು, ಮುಂದಕ್ಕೆ ಕಳಿಸಿದಳು. ಹುಸಿ ಸಿಗಡಿ ಸದ್ದಿಲ್ಲದೆ ಇಳಿಯಿತು. ಮೀನು ತಲೆ ತಗ್ಗಿಸಿತು, ಬಾಲ ಅಲುಗಿತು, ಕಿತ್ತಳೆ ಬಣ್ಣದ ತುಟಿ ಒಮ್ಮೆ ತೆರೆದು ಮುಚ್ಚಿತು. ಅವಳು ದಾರ ಎಳೆದಳು.

ರೀಲು ಸಿಳ್ಳೆ ಹಾಕಿತು. ಮೀನು ಸರೋವರದ ಕಡೆಗೆ ಅದೇ ಓಟ ಓಡಿತು. ಆದರೆ ಈ ಸಲ ತಡೆ ಒಂದೇ ಸಮನೆ ಹಿಡಿದಿತ್ತು. ಕೋಲಿನ ಬುಡವನ್ನು ಹೊಟ್ಟೆಗೆ ಒತ್ತಿ, ಪಕ್ಕಕ್ಕೆ ಬಾಗಿಸಿದಳು. ಮೀನಿನ ತಲೆ ತಿರುಗಿತು.

"ಬಲೆ ಹಿಡ್ಕೊಂಡು ಬಾರೇ!" ಎಂದು ಕೂಗಿದಳು.

"ಇಳಿಯಲ್ಲ ಅಂದಿದ್ದೆ ತಾನೆ!" ಅಂದಳು ಜೂನಿ, ಅಷ್ಟರಲ್ಲೇ ಶೂ ಸಮೇತ ಮೊಣಕಾಲುದ್ದ ನೀರಿನಲ್ಲಿದ್ದಳು. "ಅಯ್ಯೋ, ಐಸು ಕಣೇ ಇದು! ಇದರೊಳಗೆ ನಿಂತು ಸುಖ ಅಂತೀಯಲ್ಲ, ತಲೆ ನೆಟ್ಟಗಿದ್ಯಾ?"

ಹದಿಮೂರು ನಿಮಿಷಕ್ಕೆ ಮೀನು ಬಲೆಯೊಳಗಿತ್ತು. ಬಲೆಯ ಅಂಚಿನ ಮೇಲೆ ಬಾಲ ಹೊರಚಾಚಿತ್ತು. ಜೂನಿ ಬಗ್ಗಿ ಅದರ ಕಂಚಿನ ಬಣ್ಣದ, ಗೇಣಗಲದ ಪಕ್ಕೆಯನ್ನು ನೋಡಿದಳು. ಅರ್ಲೀನ್ ಮೀನನ್ನು ನೀರಿನಿಂದ ಎತ್ತದೆಯೇ ಗಾಳ ಬಿಡಿಸಿ, ಬಾಲ ಹಿಡಿಯಲು ಕೈ ಹಾಕಿದಳು. ಹಿಡಿಯಲು ಅದು ಬಿಡಲಿಲ್ಲ. ಬಾಲದಿಂದ ಒಂದು ಹೊಡೆತ ಹೊಡೆದು, ಇಬ್ಬರ ಮುಖಕ್ಕೂ ನೀರೆರಚಿ, ಆಳಕ್ಕೆ ಹೋಯಿತು.

"ಥ್ಯಾಂಕ್ಸೂ ಹೇಳ್ಲಿಲ್ಲ ನೋಡು," ಅಂದಳು ಜೂನಿ ಮುಖ ಒರೆಸಿಕೊಳ್ಳುತ್ತ.

ಅರ್ಲೀನ್‌ಗೆ ಸಂತೋಷವಾಗಿರಬೇಕು. ಅವಳಿಗೆ ಗೊತ್ತಾದದ್ದು ಮಾತ್ರ ಎಲ್ಲಾದರೂ ಕೂರಬೇಕು ಎಂಬುದು. ಒಂದು ಕಲ್ಲಿನ ಮೇಲೆ ಕುಳಿತು, ತಾನು ಎಷ್ಟು ದಣಿದಿದ್ದೇನೆ ಎಂಬುದನ್ನು ಅಡಗಿಸದೆ ಸುಮ್ಮನೆ ಕುಳಿತಳು.

ಮರುದಿನ ಬೆಳಿಗ್ಗೆ ಮೇಲ್ವಿಚಾರಕಿಯ ಕೋಣೆಯ ಬಾಗಿಲು ತಟ್ಟಿದಳು. ಹೇಳಿ ಮುಗಿಸಲು ನಾಲ್ಕು ನಿಮಿಷ ಹಿಡಿಯಿತು. ಕೆಲಸದಿಂದ ತೆಗೆಯಲಿಲ್ಲ. ವೈದ್ಯರ ಚೀಟಿ, ಅರ್ಜಿ, ಮತ್ತೊಂದು ಅರ್ಜಿ ಎಂದು ಬೇಸಿಗೆಯೆಲ್ಲ ಕಳೆದು, ಸೆಪ್ಟೆಂಬರಿನಲ್ಲಿ ಅವಳನ್ನು ಹರಿದ ಬಟ್ಟೆ ಹೊಲಿಯುವ ಕೋಣೆಗೆ ಹಾಕಿದರು. ಜೂನಿಯ ಎದುರಿಗೆ ಎತ್ತರದ, ಮಾತು ಕಡಿಮೆಯ ಹೊಸ ಹೆಂಗಸೊಬ್ಬಳು ಬಂದಳು. "ಗೋಡೆ ಜೊತೆ ಬಟ್ಟೆ ಮಡಿಸ್ದಂಗಿದೆ. ಆದ್ರೆ ಗೋಡೆ ಭಾರ ಹೊರುತ್ತೆ ಕಣೇ," ಎಂದು ಜೂನಿ ವರದಿ ಕೊಟ್ಟಳು.

ಆ ಬೇಸಿಗೆಯಲ್ಲಿ ಅರ್ಲೀನ್ ಇನ್ನೂ ನಾಲ್ಕು ಗೆಂಡೆ ಹಿಡಿದಳು, ಎಷ್ಟೋ ಕಳೆದುಕೊಂಡಳು. ನಾಲ್ಕೂ ತಾವಾಗಿ ಈಜಿಕೊಂಡು ಹೋದವು. ಎಡಗೈ ಬಲಗೈಯಷ್ಟು ಚೆನ್ನಾಗಿ ಎಂದೂ ಕಲಿಯಲಿಲ್ಲ.

ಹೊಲಿಗೆಯ ಕೋಣೆಯ ಮೊದಲ ದಿನ ಎರಡು ಗಂಟೆಗೆ ಕುರ್ಚಿಯಿಂದ ಎದ್ದಾಗ ಅವಳಿಗೆ ಏನೋ ಮರೆತಂತೆ ಅನಿಸಿತು. ಬಲ ಹೆಗಲು ಮುಟ್ಟಿಕೊಂಡಳು. ನೋವಿತ್ತು, ಆದರೆ ನಿನ್ನೆಯಷ್ಟಿರಲಿಲ್ಲ. ಹೊರಗೆ ಒಳ್ಳೆಯ ಬಿಸಿಲಿತ್ತು, ಕೊಲ್ಲಿಗೆ ಹೋಗಬಹುದಿತ್ತು. ಅವಳು ಮನೆಗೆ ಹೋಗಿ, ಶೂ ಬಿಚ್ಚಲೆಂದು ಮಂಚದ ಅಂಚಿನಲ್ಲಿ ಕುಳಿತು, ಒಂದನ್ನು ಬಿಚ್ಚಿ, ಹಾಗೇ ಒರಗಿ ಮಲಗಿಬಿಟ್ಟಳು. ಎಚ್ಚರವಾದಾಗ ಮರುದಿನ ಬೆಳಗಿನ ನಾಲ್ಕೂಕಾಲಾಗಿತ್ತು, ಇನ್ನೊಂದು ಶೂ ಕಾಲಿನಲ್ಲೇ ಇತ್ತು.